ಹಿತ್ತಿಲ ಬಾಗಿಲಿನ ಬೆಳಕು

1980ರ ಫೆಬ್ರವರಿ 16ರ ಮಧ್ಯಾಹ್ನ. ಅಂಕೋಲಾದಿಂದ ರಾಯಚೂರಿನವರೆಗೆ ಸೂರ್ಯ ಪೂರ್ತಿ ಮರೆಯಾದ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳಲ್ಲಿ ಆದದ್ದು ಪಾರ್ಶ್ವಗ್ರಹಣ. ಅಂದು ಬಾಗಿಲು ಹಾಕಿಕೊಂಡು ಒಳಗೆ ಕುಳಿತ ಎಷ್ಟೋ ಮಂದಿ ಇಂದು ಅಜ್ಜ ಅಜ್ಜಿಯರು. ಗ್ರಹಣಕಾಲದಲ್ಲಿ ಊಟ ನಿಷಿದ್ಧ, ಅಂಗಳಕ್ಕಿಳಿಯುವುದು ನಿಷಿದ್ಧ. ಸ್ವಾರಸ್ಯವೆಂದರೆ, ಪೂರ್ಣಗ್ರಹಣದಲ್ಲಿ ಸೂರ್ಯನ ಸುತ್ತ ಕಾಣುವ ಕರೋನಾದ ರೋಹಿತದಲ್ಲಿ ಒಂದು ಹಸಿರು ಗೆರೆಯಿದೆ. ಭೌತವಿಜ್ಞಾನಿಗಳು ಅದನ್ನು ಕರೆಯುವುದೂ 'ನಿಷಿದ್ಧ ರೇಖೆ' ಎಂದೇ!

ಏನಿದು ನಿಷೇಧ? ಉಪ್ಪು ಹಾಕಿದ ಗಂಜಿ ಉಕ್ಕಿ ಗ್ಯಾಸ್ ಒಲೆಯ ಮೇಲೆ ಬಿದ್ದಾಗ ಜ್ವಾಲೆ ಹಳದಿಯಾಗುವುದನ್ನು ಗಮನಿಸಿದ್ದೀರಾ? ಸೋಡಿಯಂ ಪರಮಾಣುವಿನ ಎಲೆಕ್ಟ್ರಾನ್ ಮೇಲಿನ ಶಕ್ತಿಮಟ್ಟದಿಂದ ಕೆಳಗಿನದಕ್ಕೆ ಜಿಗಿದಾಗ ಹೊರಡುವ ಬೆಳಕು ಅದು. ಮೇಲೇರಿದ ಎಲೆಕ್ಟ್ರಾನ್ ಅಲ್ಲಿ ನಿಲ್ಲುವುದು ಸೆಕೆಂಡಿನ ಆರು ಕೋಟಿಯಲ್ಲಿ ಒಂದು ಪಾಲಿನಷ್ಟು ಕಾಲ ಮಾತ್ರ.

ಎಲ್ಲ ಜಿಗಿತಗಳಿಗೂ ಇಂಥ ರಾಜಮಾರ್ಗವಿಲ್ಲ. ಎರಡು ಮಟ್ಟಗಳೂ ಕನ್ನಡಿಯ ಪರೀಕ್ಷೆಯಲ್ಲಿ ಒಂದೇ ಬಗೆಯವಾದರೆ ಸಾಮಾನ್ಯ ದಾರಿ ಮುಚ್ಚಿದಂತೆ. ಆದರೆ ಮಲೆನಾಡಿನ ಮನೆಗೆ ಹೆಬ್ಬಾಗಿಲು ಹಾಕಿದರೂ ಹಿತ್ತಿಲ ಬಾಗಿಲು ಇರುತ್ತದಲ್ಲವೇ? ಪರಮಾಣುವಿಗೂ ಹಾಗೆಯೇ. ಎಲೆಕ್ಟ್ರಾನ್ ಒಂದು ಪುಟ್ಟ ಅಯಸ್ಕಾಂತವೂ ಹೌದು. ಆ ಕಾಂತಗುಣದ ಮೂಲಕ ಬೆಳಕು ನಿಧಾನವಾಗಿ ಹೊರಬರಬಲ್ಲದು. ದಟ್ಟ ಅನಿಲದಲ್ಲಿ ಅಷ್ಟು ಹೊತ್ತು ಕಾಯಲು ನೆರೆಯ ಕಣಗಳ ಡಿಕ್ಕಿ ಬಿಡುವುದಿಲ್ಲ. ಕರೋನಾ ಬಲು ತೆಳುವಾದ್ದರಿಂದ ಬಿಡುವು ಸಿಗುತ್ತದೆ. 1869ರಲ್ಲಿ ಕಂಡ ಹಸಿರು ಗೆರೆಗೆ 'ಕರೋನಿಯಂ' ಎಂಬ ಹೊಸ ಮೂಲವಸ್ತು ಕಾರಣವೆಂದು ಭಾವಿಸಲಾಗಿತ್ತು. ಅದು 13 ಎಲೆಕ್ಟ್ರಾನುಗಳನ್ನು ಕಳೆದುಕೊಂಡ ನಮ್ಮ ಕಬ್ಬಿಣವೇ ಎಂದು 1940ರ ದಶಕದಲ್ಲಿ ತೋರಿಸಿಕೊಟ್ಟವರು ಸ್ವೀಡನ್ನಿನ ಬೆಂಗ್ಟ್ ಎಡ್ಲೆನ್.

ಹೊರಗಿನ ಕಾಂತಕ್ಷೇತ್ರವೂ ಬಾಗಿಲು ತೆರೆಯಬಲ್ಲದು. ಬೇರೊಂದು ನಿಯಮದಿಂದ ನಿಷಿದ್ಧವಾದ ಯಿಟರ್ಬಿಯಂ ಪರಮಾಣುವಿನ ಜಿಗಿತವನ್ನು 2006ರಲ್ಲಿ ಅಮೆರಿಕದ ಬೌಲ್ಡರ್ ನಗರದ ವಿಜ್ಞಾನಿಗಳು ಹೀಗೆಯೇ ಸಾಧ್ಯವಾಗಿಸಿದರು. ಕಾಂತಕ್ಷೇತ್ರ ಒಂದು ಶಕ್ತಿಮಟ್ಟಕ್ಕೆ ಇನ್ನೊಂದರ ಗುಣವನ್ನು ಎಳ್ಳಷ್ಟು ಬೆರೆಸುತ್ತದೆ. ಅಷ್ಟು ಸಾಕು! ನಿಖರ ಗಡಿಯಾರಗಳಿಗೆ ಇದು ಒದಗಿತು.

ಇನ್ನೂ ಕಿರಿದಾದ ಕಿಂಡಿಯೊಂದಿದೆ. ಬೀಟಾ ವಿಕಿರಣಕ್ಕೆ ಕಾರಣವಾದ 'ದುರ್ಬಲ ಬಲ' ಎಡಕ್ಕೂ ಬಲಕ್ಕೂ ಭೇದ ಮಾಡುತ್ತದೆಂದು 1957ರಲ್ಲಿ ಚಿಯೆನ್ ಶಿಯಂಗ್ ವೂ ಅವರ ಪ್ರಯೋಗ ತೋರಿಸಿತು. ಇದೇ ಬಲ ನ್ಯೂಕ್ಲಿಯಸ್ ಮತ್ತು ಎಲೆಕ್ಟ್ರಾನುಗಳ ನಡುವೆಯೂ ಇದ್ದರೆ, ಕನ್ನಡಿಯ ನಿಯಮ ತುಸು ಸಡಿಲಬೇಕಲ್ಲವೇ? 1997ರಲ್ಲಿ ಅದೇ ಬೌಲ್ಡರ್‌ನಲ್ಲಿ ಕಾರ್ಲ್ ವೀಮನ್ ತಂಡದವರು ಸೀಸಿಯಂ ಪರಮಾಣುಗಳ ಮೇಲೆ ಹಸಿರು ಲೇಸರ್ ಹಾಯಿಸಿ, ವಿದ್ಯುತ್ ಮತ್ತು ಕಾಂತಕ್ಷೇತ್ರಗಳ ದಿಕ್ಕನ್ನು ಮತ್ತೆ ಮತ್ತೆ ತಿರುಗಿಸಿ ಅಳೆದರು. ನಿಷಿದ್ಧ ಜಿಗಿತದಲ್ಲಿ ದೊರೆತ ವ್ಯತ್ಯಾಸ ಹತ್ತು ಲಕ್ಷಕ್ಕೆ ಸುಮಾರು ಆರು ಪಾಲು!

ಇಷ್ಟು ಸಣ್ಣ ಅಂಕಿಗೆ ಏಕಿಷ್ಟು ಪಾಡು? ಅಳತೆಯೂ ಲೆಕ್ಕವೂ ತಾಳೆಯಾಗದಿದ್ದರೆ, ನಾವರಿಯದ ಹೊಸ ಬಲ ಅಲ್ಲಿ ಅಡಗಿರಬಹುದು. ಹಾಗಾಗಿ ಲೆಕ್ಕವೂ ಅಷ್ಟೇ ಕರಾರುವಾಕ್ಕಾಗಿರಬೇಕು. ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯಲ್ಲಿ ಬಿ.ಪಿ. ದಾಸ್ ಮತ್ತು ಸಂಗಡಿಗರು ಬೇರಿಯಂ ಅಯಾನಿಗೆ ಇಂಥ ಲೆಕ್ಕ ಹಾಕಿದ್ದಾರೆ. 2023ರ ಸೆಪ್ಟೆಂಬರ್ 2ರಂದು ಹಾರಿದ ಆದಿತ್ಯ-ಎಲ್1 ನೌಕೆಯಲ್ಲಿ ಕರೋನಾದ ಹಸಿರು ಗೆರೆಯನ್ನು ನೋಡುವ ಉಪಕರಣವನ್ನು ಸಿದ್ಧಪಡಿಸಿದ್ದೂ ಇದೇ ಸಂಸ್ಥೆ.

ಪ್ರಕೃತಿಯಲ್ಲಿ 'ನಿಷಿದ್ಧ' ಎಂದರೆ ಅಸಾಧ್ಯವೆಂದಲ್ಲ, ಬಲು ಅಪರೂಪವೆಂದು. ಪುಸ್ತಕದಲ್ಲಿ ಈ ಪದ ಕಂಡಾಗ 'ಏಕೆ? ಎಷ್ಟರಮಟ್ಟಿಗೆ?' ಎಂದು ಮಕ್ಕಳು ಕೇಳಲಿ. ಆ ಪ್ರಶ್ನೆಗೆ ಹಿರಿಯರು ಬಾಗಿಲು ಹಾಕದಿರಲಿ.