ಬಾಗಿಲಿನ ಮಿಂಚು

ಮಗಳು ಚೊಚ್ಚಲ ಹೆರಿಗೆಗೆ ಬರುವವಳೆಂದು ಹಿತ್ತಲ ಕಡೆಯ ಕೋಣೆಗೆ ಹೊಸ ಬಾಗಿಲು ಹಾಕಿಸಿದೆವು. ತಿಳಿಹಸಿರು ಎನಾಮಲ್ ಬಣ್ಣ ನಾನೇ ಹಚ್ಚಿದೆ. ನಮ್ಮ ಗಲಗಲಿಯ ಬಿಸಿಲೆಂದರೆ ಕೇಳಬೇಕೇ! ಮುಂಜಾನೆ ನೆಟ್ಟಗೆ ಆ ಬಾಗಿಲಿಗೇ ಬಡಿಯಿತು. ಕಣ್ಣಿನ ಪೊರೆ ತೆಗೆಸಿಕೊಂಡು ಬಂದಿದ್ದ ನಮ್ಮತ್ತೆ, "ಅಯ್ಯ, ಕನ್ನಡಿ ಇದ್ದಂಗ ಮಿಂಚತೈತಲ್ಲವಾ! ಕಣ್ಣ ಕುಕ್ಕತೈತಿ" ಎಂದು ಸೆರಗು ಅಡ್ಡ ಹಿಡಿದರು. ಬಡಿಗ ಬಿಟ್ಟ ಉಬ್ಬುತಗ್ಗುಗಳೂ ಆ ಹೊಳಪಿನಲ್ಲಿ ಎದ್ದು ಕಂಡವು.

ಎನಾಮಲ್ ಒಣಗಿದಾಗ ಅದರ ಮೇಲ್ಪದರ ಗಾಜಿನ ಹಾಗೆ ಸಪಾಟಾಗುತ್ತದೆ, ಅದಕ್ಕೇ ಬೆಳಕು ಕಣ್ಣಿಗೆ ರಾಚುವುದು. ಮೇಲೆ ಕಾಣದಷ್ಟು ಸಣ್ಣ ತರಿ ಇದ್ದರೆ ಬೆಳಕು ಚದುರಿ, ರೇಷ್ಮೆಯಂಥ ಮೆರುಗು ಉಳಿಯುತ್ತದೆ. ಸ್ಯಾಟಿನ್ ಎನಾಮಲ್‌ನಲ್ಲಿ ಇದಕ್ಕೆಂದೇ ಸಿಲಿಕಾದಂಥ ನುಣ್ಣನೆಯ ಪುಡಿ ಬೆರೆಸಿರುತ್ತಾರೆ. ಓಣಿಯವರೊಬ್ಬರು ಖಡುವಿನ ಪುಡಿ ಹಾಕಿರೆಂದರು. ಕಪಾಟಿನ ಒಳಬದಿಗೆ ಹಚ್ಚಿ ನೋಡಿದೆ, ರವೆ ಉದುರಿಸಿದ ಹಾಗಾಯಿತು! ಚಿಮಣಿ ಎಣ್ಣೆ ಸುರಿಯುವವರೂ ಉಂಟು. ಮಿಂಚೇನೋ ಕುಂದೀತು, ಆದರೆ ಬಣ್ಣ ಬೇಗ ಸವೆದುಹೋಗುತ್ತದೆ.

ಕಡೆಗೆ ಕೈಗೂಡಿದ್ದು ಹೀಗೆ. ಬಣ್ಣ ಒಂದು ವಾರ ಚೆನ್ನಾಗಿ ಒಣಗಲಿ. ಆಮೇಲೆ 400 ನಂಬರಿನ ವಾಟರ್ ಪೇಪರನ್ನು ಸಾಬೂನಿನ ನೀರಿನಲ್ಲಿ ಅದ್ದಿ, ಕಟ್ಟಿಗೆಯ ಎಳೆಯ ಗುಂಟ ಹಗುರವಾಗಿ ತಿಕ್ಕಬೇಕು. ಮೂಲೆ, ಅಂಚುಗಳಲ್ಲಿ ಕೈ ಬಿಗಿಯಾದರೆ ಕಟ್ಟಿಗೆಯೇ ಕಾಣುತ್ತದೆ, ಹುಷಾರು. ಎಲ್ಲ ಕಡೆ ಮಂಜು ಕವಿದಂತಾದ ಮೇಲೆ ಒರೆಸಿ, ಆರಿಸಿ, ಸ್ಯಾಟಿನ್ ಎನಾಮಲ್‌ನ ಎರಡು ತೆಳುವಾದ ಕೈ ಹಚ್ಚಿ, ನಡುವೆ ಒಂದು ದಿನ ಬಿಟ್ಟು. ಅರೆ ಒಣಗಿದಲ್ಲಿ ಮತ್ತೆ ಬ್ರಶ್ ಆಡಿಸಬೇಡಿ.

ನಾನು ಎಡವಿದ್ದು ಡಬ್ಬಿಯಲ್ಲಿ. ಮಿಂಚು ತಗ್ಗಿಸುವ ಪುಡಿ ತಳಕ್ಕೆ ಇಳಿದಿರುತ್ತದೆ. ಮೇಲೆ ಮೇಲೆ ಕಲಕಿ ಹಚ್ಚಿದ್ದರಿಂದ ಬಾಗಿಲಿನ ಅರ್ಧ ಮಿಂಚಿತು, ಅರ್ಧ ಮಂಕಾಯಿತು. ಕೋಲಿನಿಂದ ತಳ ಕೆದಕಿ ಕಲಕಿ, ಕೆಲಸದ ನಡುವೆಯೂ ಆಗಾಗ ಕಲಕಬೇಕು. ಹೊಳೆಯ ದಂಡೆಯವರು ಮಳೆಗಾಲದ ಹಸಿ ದಿನಗಳಲ್ಲಿ ಇದಕ್ಕೆ ಕೈಹಾಕದಿರುವುದೇ ಲೇಸು. ಬಣ್ಣದ ಘಾಟು ಬಸುರಿಗೆ ಬೇಡವೆಂದು ಮಗಳು ಬರುವ ತಿಂಗಳು ಮೊದಲೇ ಎಲ್ಲ ಮುಗಿಸಿದೆ.

ಬಾಗಿಲು ಕಂಡು ಖುಷಿಯಾದ ಅತ್ತೆ, ಅಟ್ಟದಿಂದ ನಮ್ಮ ಯಜಮಾನರು ಮಲಗಿದ್ದ ಹಳೇ ತೊಟ್ಟಿಲು ಇಳಿಸಿ, "ಇದನ್ನೂ ಹಂಗ ತಿಕ್ಕಿ ಬಣ್ಣಾ ಹಚ್ಚವಾ" ಎಂದರು. ನಾನು ಒಲ್ಲೆನೆಂದೆ. ಹಳೆಯ ಬಣ್ಣಗಳಲ್ಲಿ ಸೀಸ ಇರಬಹುದು. ಕಿಲೋ ಒಂದಕ್ಕೆ 90 ಮಿಲಿಗ್ರಾಮಿಗಿಂತ ಹೆಚ್ಚು ಸೀಸ ಇರಕೂಡದೆಂದು ಕೇಂದ್ರ ಸರಕಾರ ನಿಯಮ ಮಾಡಿದ್ದೇ 2016ರಲ್ಲಿ. ಅಂಥ ಬಣ್ಣ ತಿಕ್ಕಿದರೆ ಧೂಳು ಮನೆಯೆಲ್ಲ ಹರಡುತ್ತದೆ. ಮಕ್ಕಳ ಮಿದುಳಿಗೆ, ಬಸುರಿಯ ಹೊಟ್ಟೆಯ ಕೂಸಿಗೂ ಅದು ವಿಷ. ಮೇಲೆ ಹೊಸ ಬಣ್ಣ ಬಳಿದರೂ ಹಲ್ಲು ಬರುವ ಮಗು ಅಂಚು ಕಚ್ಚದೆ ಬಿಟ್ಟೀತೇ?

ಅತ್ತೆ ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಮೂರನೆಯ ದಿನ ಟ್ರಂಕಿನಿಂದ ತಮ್ಮದೊಂದು ಮೆತ್ತನೆಯ ಹಳೇ ಇಳಕಲ್ ಸೀರೆ ತೆಗೆದು, ಒಗೆದು, ಹಿತ್ತಲಲ್ಲಿ ಒಣಹಾಕಿದರು. "ತೊಲಿಗೆ ಹಗ್ಗಾ ಹಾಕ್ಸು, ಜೋಲಿ ಕಟ್ಟೋಣು" ಎಂದಷ್ಟೇ ಹೇಳಿದರು.