ಬರೆಯದ ಸಂಗತಿಗೆ ಸಾಕ್ಷಿ ಏಕೆ?

‘ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ’ ಎಂಬ ಮಾತು ನಮ್ಮಲ್ಲಿದೆ. ಎಷ್ಟೋ ದಾವೆಗಳು ಸಾಕ್ಷಿಕಟ್ಟೆಗೆ ಬರುವ ಮೊದಲೇ ಬರವಣಿಗೆಯಲ್ಲಿ ಸೋತಿರುತ್ತವೆ. ಹೇಗೆಂದು ಒಂದು ಉದಾಹರಣೆಯಿಂದ ನೋಡೋಣ.

ಮಗಳ ಓದಿಗೆಂದು ಹಾಸನದ ಸಂಸಾರವೊಂದು ಬಸವನಗುಡಿಯಲ್ಲಿ 6 ಲಕ್ಷ ರೂಪಾಯಿಗೆ ಮನೆಯನ್ನು ಭೋಗ್ಯಕ್ಕೆ ಹಿಡಿಯಿತೆನ್ನಿ. 5 ಲಕ್ಷ ಮಾಲೀಕರಿಗೆ ಚೆಕ್ಕಿನಲ್ಲಿ. ಉಳಿದ 1 ಲಕ್ಷ, ಅವರ ಮಾತಿನಂತೆ, ಅವರ ಮಗನ ಬ್ಯಾಂಕ್ ಖಾತೆಗೆ. ಓದು ಮುಗಿದು ಮನೆ ಖಾಲಿ ಮಾಡಿದರೂ ಹಣ ಬರಲಿಲ್ಲ. ತಂದೆ ಸಿಟಿ ಸಿವಿಲ್ ಕೋರ್ಟಿನಲ್ಲಿ ದಾವೆ ಹೂಡಬೇಕು.

ವಾದಪತ್ರದಲ್ಲಿ ಏನಿರಬೇಕು? 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 6ನೇ ಆದೇಶದ 2ನೇ ನಿಯಮ ಕೇಳುವುದಿಷ್ಟು: ಮುಖ್ಯ ಸಂಗತಿಗಳು, ಸಂಕ್ಷೇಪವಾಗಿ, ಸಾಕ್ಷ್ಯವಲ್ಲ. ಕರಾರು, ಹಣ ಕೊಟ್ಟ ದಿನ, ಮನೆ ಬಿಟ್ಟ ದಿನ, ಹಣ ಕೇಳಿದ ದಿನ, ಎಲ್ಲವೂ ಅಂಕಿ ಹಾಕಿದ ಕಂಡಿಕೆಗಳಲ್ಲಿರಲಿ. ಮಾಲೀಕರ ಗುಣದೋಷಗಳ ವರ್ಣನೆ ಬೇಡ. ‘ಮಗನ ಖಾತೆಗೆ ಹಾಕಿ’ ಎಂದದ್ದು ಸಂಗತಿ. ಅದನ್ನು ಪಕ್ಕದ ಮನೆಯವರು ಕೇಳಿಸಿಕೊಂಡಿದ್ದರೆಂಬುದು ಸಾಕ್ಷ್ಯ. ಸಾಕ್ಷ್ಯಕ್ಕೆ ಮುಂದೆ ಅವಕಾಶವಿದೆ. ಆದರೆ ಸಂಗತಿಯನ್ನೇ ಬರೆಯದಿದ್ದರೆ ಸಾಕ್ಷಿ ಇದ್ದೂ ಪ್ರಯೋಜನವಿಲ್ಲ.

ಸಮನ್ಸ್ ತಲುಪಿದ 30 ದಿನಗಳಲ್ಲಿ ಪ್ರತಿವಾದಿ ಲಿಖಿತ ಉತ್ತರ ಸಲ್ಲಿಸಬೇಕು. ಕಾರಣವಿದ್ದರೆ ನ್ಯಾಯಾಲಯ 90 ದಿನಗಳವರೆಗೆ ಕಾಲಾವಕಾಶ ಕೊಡಬಹುದು. ‘ವಾದಿ ಹೇಳಿದ್ದೆಲ್ಲ ಸುಳ್ಳು’ ಎಂದರೆ ಸಾಲದು. ‘6 ಲಕ್ಷ ಪಡೆದಿಲ್ಲ’ ಎಂಬುದೂ ನುಣುಚಿಕೊಳ್ಳುವ ಉತ್ತರವೇ. ಏನನ್ನೂ ಪಡೆದಿಲ್ಲವೇ, ಪಡೆದಿದ್ದರೆ ಎಷ್ಟು ಎಂದು ಹೇಳಬೇಕು. ಇದು 8ನೇ ಆದೇಶದ 4ನೇ ನಿಯಮ. 5ನೇ ನಿಯಮದಂತೆ, ಸ್ಪಷ್ಟವಾಗಿ ನಿರಾಕರಿಸದ ಸಂಗತಿಯನ್ನು ಒಪ್ಪಿಕೊಂಡಂತೆಯೇ ಲೆಕ್ಕ. ಮೌನಂ ಸಮ್ಮತಿ ಲಕ್ಷಣಂ! ಆದರೂ ರುಜುವಾತು ಕೇಳುವ ಅಧಿಕಾರ ನ್ಯಾಯಾಲಯಕ್ಕಿದೆ.

ಬಿಟ್ಟುಹೋದದ್ದನ್ನು ಆಮೇಲೆ ಸೇರಿಸಬಾರದೇ? ಸೇರಿಸಬಹುದು, ಆದರೆ ಸುಲಭವಲ್ಲ. ವಿಚಾರಣೆ ಶುರುವಾದ ಮೇಲಾದರೆ, ಎಷ್ಟು ಎಚ್ಚರ ವಹಿಸಿದರೂ ಮೊದಲೇ ಹೇಳಲಾಗುತ್ತಿರಲಿಲ್ಲ ಎಂದು ಮನವರಿಕೆ ಮಾಡಿಕೊಡಬೇಕು. ಕರ್ನಾಟಕದಿಂದ ಹೋದ ರೇವಜೀತು ಬಿಲ್ಡರ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2009ರಲ್ಲಿ ಇದಕ್ಕೆ ಅಳತೆಗೋಲು ಕೊಟ್ಟಿತು: ತಿದ್ದುಪಡಿ ಅಗತ್ಯವೇ, ಪ್ರಾಮಾಣಿಕವೇ, ಎದುರು ಪಕ್ಷಕ್ಕೆ ತೊಂದರೆಯೇ, ದಾವೆಯ ಸ್ವರೂಪವೇ ಬದಲಾಗುವುದೇ?

ವಾದಪತ್ರದ ಕೊನೆಯಲ್ಲಿ ‘ಮೇಲಿನದೆಲ್ಲ ನಿಜ’ ಎಂದು ಸಹಿ ಹಾಕಿ ಅಫಿಡವಿಟ್ ಕೊಡಬೇಕಾದವರು ಕಕ್ಷಿದಾರರು. ಪತ್ರ ಇಂಗ್ಲಿಷಿನಲ್ಲಿದ್ದರೆ ಮಗಳು ಒಂದೊಂದೇ ಕಂಡಿಕೆಯನ್ನು ತಂದೆಗೆ ಕನ್ನಡದಲ್ಲಿ ಹೇಳಲಿ. ಮಗನ ಖಾತೆಗೆ ಹೋದ ಆ 1 ಲಕ್ಷದ ಮಾತು ಅದರಲ್ಲಿದೆಯೇ ಎಂದು ಇಬ್ಬರೂ ನೋಡಲಿ. ಸಹಿ ಆಮೇಲೆ.