ಅಂಕಪಟ್ಟಿ ಕೊಡದ ಪರೀಕ್ಷೆ

2024ರ ಡಿಸೆಂಬರ್ 4ರಂದು ದೇಶದ 781 ಜಿಲ್ಲೆಗಳ 74,229 ಶಾಲೆಗಳಲ್ಲಿ ಏಕಕಾಲಕ್ಕೆ ಒಂದು ಪರೀಕ್ಷೆ ನಡೆಯಿತು. ಮೂರನೆಯ, ಆರನೆಯ ಹಾಗೂ ಒಂಬತ್ತನೆಯ ತರಗತಿಗಳ 21 ಲಕ್ಷಕ್ಕೂ ಮಿಕ್ಕಿದ ಮಕ್ಕಳು ಅದನ್ನು ಬರೆದರು. ಅವರಲ್ಲಿ ಒಬ್ಬರ ಕೈಗೂ ಅಂಕಪಟ್ಟಿ ಬರಲಿಲ್ಲ. ಯಾರೂ ಉತ್ತೀರ್ಣರಾಗಲಿಲ್ಲ, ಯಾರೂ ಅನುತ್ತೀರ್ಣರಾಗಲಿಲ್ಲ. ಮರುವರ್ಷದ ಜುಲೈ ತಿಂಗಳಲ್ಲಿ ಫಲಿತಾಂಶ ಹೊರಬಿದ್ದಾಗ ಅದರಲ್ಲಿ ರಾಜ್ಯಗಳ ಹೆಸರಿತ್ತು, ಜಿಲ್ಲೆಗಳ ಹೆಸರಿತ್ತು. ಮಗುವಿನ ಹೆಸರಾಗಲಿ ಶಾಲೆಯ ಹೆಸರಾಗಲಿ ಇರಲಿಲ್ಲ.

ಇದು ರಾಷ್ಟ್ರೀಯ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಮಂಡಳಿಯ ಆಶ್ರಯದಲ್ಲಿರುವ 'ಪರಖ್' ಎಂಬ ಮೌಲ್ಯಮಾಪನ ಕೇಂದ್ರ ನಡೆಸಿದ ರಾಷ್ಟ್ರೀಯ ಸಮೀಕ್ಷೆ. ಇದಕ್ಕೆ ಹಿಂದೆ 'ರಾಷ್ಟ್ರೀಯ ಸಾಧನಾ ಸಮೀಕ್ಷೆ' ಎಂಬ ಹೆಸರಿತ್ತು. 2017ರ ನವೆಂಬರ್ 13ರಂದು ನಡೆದ ಸಮೀಕ್ಷೆ ಸರಕಾರಿ ಮತ್ತು ಅನುದಾನಿತ ಶಾಲೆಗಳಿಗೆ ಸೀಮಿತವಾಗಿತ್ತು. 2021ರ ನವೆಂಬರ್ 12ರಂದು ನಡೆದದ್ದರಲ್ಲಿ ಅನುದಾನರಹಿತ ಖಾಸಗಿ ಶಾಲೆಗಳೂ ಸೇರಿಕೊಂಡವು. ಎಂದರೆ ನಮ್ಮ ಧರ್ಮಕೇಂದ್ರಗಳೂ ಧರ್ಮಭಗಿನಿಯರ ಸಂಸ್ಥೆಗಳೂ ನಡೆಸುತ್ತಿರುವ ಕನ್ನಡ ಮಾಧ್ಯಮದ ಅನುದಾನಿತ ಶಾಲೆಗಳು ಮೊದಲಿನಿಂದಲೂ ಇದರ ವ್ಯಾಪ್ತಿಗೆ ಒಳಪಟ್ಟಿದ್ದವು. ಇಂಗ್ಲಿಷ್ ಮಾಧ್ಯಮದ ಶಾಲೆಗಳು ಈಗ ಒಳಪಟ್ಟಿವೆ. ಆದಾಗ್ಯೂ ನಮ್ಮ ಕುಟುಂಬಗಳಲ್ಲಿ ಈ ಸಮೀಕ್ಷೆಯ ಬಗ್ಗೆ ತಿಳಿದವರು ವಿರಳ. ತಿಳಿದವರ ಮಾತೂ ಬಹುಮಟ್ಟಿಗೆ ಒಂದೇ: ಮಾರ್ಕು ಸಿಗದ ಪರೀಕ್ಷೆ ಯಾತಕ್ಕೆ?

ಈ ಪ್ರಶ್ನೆಯನ್ನು ನಾವು ಹಗುರವಾಗಿ ಕಾಣಲಾರೆವು. ಪರೀಕ್ಷೆಯೆಂದರೆ ಮಗುವಿನ ಹಣೆಬರಹ ಎಂದು ನಂಬಿಸಿದವರು ನಾವು ಹಿರಿಯರೇ. ಕರ್ನಾಟಕದಲ್ಲಿ ಐದು, ಎಂಟು ಮತ್ತು ಒಂಬತ್ತನೆಯ ತರಗತಿಗಳಿಗೆ ಬೋರ್ಡ್ ಮಟ್ಟದ ಪರೀಕ್ಷೆ ಇರಬೇಕೇ ಬೇಡವೇ ಎಂಬ ತಕರಾರು ಹೈಕೋರ್ಟನ್ನು ದಾಟಿ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2024ರ ಏಪ್ರಿಲ್‌ನಲ್ಲಿ ಫಲಿತಾಂಶ ಪ್ರಕಟಣೆಗೇ ತಡೆ ಬಂದದ್ದು ಓದುಗರ ನೆನಪಿನಲ್ಲಿರಬಹುದು. ಅಂಥ ಗೊಂದಲದ ನಡುವೆ ಇನ್ನೊಂದು ಪರೀಕ್ಷೆಯೆಂದಾಗ ತಂದೆತಾಯಿಗಳು ಹುಬ್ಬು ಗಂಟಿಕ್ಕಿದರೆ ಆಶ್ಚರ್ಯವಿಲ್ಲ. ಆದರೆ ಇವೆರಡೂ ಬೇರೆ ಜಾತಿಯವು. ಬೋರ್ಡ್ ಪರೀಕ್ಷೆ ಮಗುವನ್ನು ಅಳೆಯುತ್ತದೆ. ಈ ಸಮೀಕ್ಷೆ ಅಳೆಯುವುದು ಕಲಿಸುವ ವ್ಯವಸ್ಥೆಯನ್ನು. ಮಗು ಇಲ್ಲಿ ಸಾಕ್ಷಿ ಮಾತ್ರ.

ಅದು ನಡೆಯುವ ಬಗೆಯನ್ನು ಸ್ವಲ್ಪ ವಿವರವಾಗಿ ಹೇಳುವುದು ಯುಕ್ತ. ಭಾಗವಹಿಸುವ ಶಾಲೆಯನ್ನು ಆರಿಸುವವರು ಆಡಳಿತ ಮಂಡಳಿಯವರಲ್ಲ, ಮುಖ್ಯೋಪಾಧ್ಯಾಯರಲ್ಲ, ಕ್ಷೇತ್ರ ಶಿಕ್ಷಣಾಧಿಕಾರಿಗಳೂ ಅಲ್ಲ. ಪ್ರತಿವರ್ಷ ಎಲ್ಲ ಶಾಲೆಗಳು ತುಂಬಿಸಿ ಕೊಡುವ 'ಯು-ಡೈಸ್' ದಾಖಲೆಯೇ ಮೂಲ ಪಟ್ಟಿ. ಅದರಿಂದ ಜಿಲ್ಲೆಗೆ ಇಂತಿಷ್ಟು ಶಾಲೆಗಳನ್ನು ಸಂಖ್ಯಾಶಾಸ್ತ್ರದ ನಿಯಮದಂತೆ ಎತ್ತಿಕೊಳ್ಳಲಾಗುತ್ತದೆ. (ಯು-ಡೈಸ್ ತುಂಬಿಸುವುದು ಗುಮಾಸ್ತರ ತಲೆನೋವು ಎಂದು ಅಸಡ್ಡೆ ಮಾಡುವ ಸಂಚಾಲಕರು ಇದನ್ನು ಗಮನಿಸಬೇಕು, ಅಲ್ಲಿ ಮಕ್ಕಳ ಸಂಖ್ಯೆ ತಪ್ಪಿದರೆ ಆಯ್ಕೆಯ ಬುಡವೇ ತಪ್ಪುತ್ತದೆ.) ಆಯ್ಕೆಯಾದ ಶಾಲೆಯಲ್ಲಿ ಒಂದು ತರಗತಿಗೆ ಹಲವು ವಿಭಾಗಗಳಿದ್ದರೆ ಚೀಟಿ ಎತ್ತಿದಂತೆ ಒಂದು ವಿಭಾಗವನ್ನು ಆರಿಸುತ್ತಾರೆ. ಅದರಲ್ಲಿ ಮಕ್ಕಳು ಮೂವತ್ತಕ್ಕಿಂತ ಹೆಚ್ಚಿದ್ದರೆ ಅವರಲ್ಲಿಯೂ ಅದೇ ರೀತಿಯ ಆಯ್ಕೆ. ಪ್ರಶ್ನೆಪತ್ರಿಕೆಯ ಮೊಹರಾದ ಕಟ್ಟು ಬರುತ್ತದೆ. ಪರೀಕ್ಷೆ ನಡೆಸಲು ಶಾಲೆಯ ಶಿಕ್ಷಕರಲ್ಲದ, ಹೊರಗಿನಿಂದ ನಿಯುಕ್ತರಾದ ಸಮೀಕ್ಷಕರು ಬರುತ್ತಾರೆ. ಬಿ.ಎಡ್., ಡಿ.ಎಡ್. ಓದುತ್ತಿರುವ ತರುಣ ತರುಣಿಯರೇ ಅವರಲ್ಲಿ ಬಹುಮಂದಿ. ನಾಳೆ ಶಿಕ್ಷಕರಾಗಲಿರುವವರಿಗೆ ಇದೊಂದು ಒಳ್ಳೆಯ ತರಬೇತಿಯೂ ಹೌದು.

ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದಗುಳು ಹಿಸುಕಿ ನೋಡಿದರೆ ಸಾಕು ಎಂದು ನಮ್ಮ ಮನೆಯ ಹೆಂಗಸರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸಮೀಕ್ಷೆಯ ಶಾಸ್ತ್ರವೂ ಅಷ್ಟೇ. ಆದರೆ ಸೌಟನ್ನು ತಳದವರೆಗೆ ಆಡಿಸಿ ತೆಗೆದ ಅಗುಳಾಗಬೇಕು. ಬೆಂದದ್ದನ್ನೇ ಮೇಲಿನಿಂದ ಹೆಕ್ಕಿ ತೆಗೆದರೆ ತಳದ ಅಕ್ಕಿ ಹಸಿಯಾಗಿಯೇ ಉಳಿಯುತ್ತದೆ, ಉಣ್ಣುವಾಗ ಹಲ್ಲಿಗೆ ಸಿಗುತ್ತದೆ.

ಈ ಲೇಖನ ಬರೆಯಲು ನಮ್ಮನ್ನು ಪ್ರೇರಿಸಿದ್ದು ಇದೇ ಆತಂಕ. ಸಮೀಕ್ಷೆಯ ದಿನ ಗೊತ್ತಾದೊಡನೆ ಹಲವು ರಾಜ್ಯಗಳ ಶಿಕ್ಷಣ ಇಲಾಖೆಗಳು ಮಾದರಿ ಪ್ರಶ್ನೆಪತ್ರಿಕೆಗಳನ್ನು ಹಂಚಿ ಅಭ್ಯಾಸ ಪರೀಕ್ಷೆಗಳನ್ನು ನಡೆಸತೊಡಗುತ್ತವೆ. ಓ.ಎಂ.ಆರ್. ಹಾಳೆಯಲ್ಲಿ ಸರಿಯುತ್ತರದ ವೃತ್ತವನ್ನು ತುಂಬುವುದು ಹೇಗೆಂದು ಹಳ್ಳಿಯ ಮಗುವಿಗೆ ಒಂದೆರಡು ಸಲ ತೋರಿಸಿಕೊಡುವುದು ಅಗತ್ಯ, ಅದಕ್ಕೆ ನಮ್ಮ ಆಕ್ಷೇಪಣೆ ಇಲ್ಲ. ಆದರೆ ವಾರಗಟ್ಟಲೆ ಪಾಠ ನಿಲ್ಲಿಸಿ ನಾಲ್ಕರಲ್ಲಿ ಒಂದನ್ನು ಆರಿಸುವ ಕಸರತ್ತನ್ನೇ ಮಾಡಿಸಿದರೆ ಸಮೀಕ್ಷೆ ಅಳೆಯುವುದು ಕಸರತ್ತನ್ನು, ಕಲಿಕೆಯನ್ನಲ್ಲ. ಜ್ವರ ನೋಡುವ ಮೊದಲು ಥರ್ಮಾಮೀಟರನ್ನು ತಣ್ಣೀರಿನಲ್ಲಿ ಅದ್ದಿದ ಹಾಗೆ. ಸರಕಾರದ ಈ ಅಂಕಿಅಂಶಗಳನ್ನು, ಮನೆಮನೆಗೆ ಹೋಗಿ ಮಕ್ಕಳಿಂದ ಓದಿಸಿ ನೋಡುವ 'ಅಸರ್' ವರದಿಯೊಂದಿಗೆ ಹೋಲಿಸಿದ ವಿದ್ವಾಂಸರು, ಸರಕಾರಿ ಸಮೀಕ್ಷೆಯಲ್ಲಿ ರಾಜ್ಯಗಳ ಸಾಧನೆ ಗಣನೀಯವಾಗಿ ಹೆಚ್ಚು ತೋರುತ್ತದೆಂದು ಸಂದೇಹ ವ್ಯಕ್ತಪಡಿಸಿದ್ದುಂಟು. 'ಅಸರ್' 2005ರಿಂದ ಗ್ರಾಮಾಂತರ ಪ್ರದೇಶಗಳಲ್ಲಿ ನಡೆಯುತ್ತಿದೆ. ಅಲ್ಲಿ ಮಗು ತನ್ನ ಮನೆಯ ಜಗಲಿಯಲ್ಲಿ ಕುಳಿತು ಓದುತ್ತದೆ, ಬೆನ್ನ ಹಿಂದೆ ಶಾಲೆಯ ಮಾನ ಕಾಯುವವರು ಯಾರೂ ನಿಂತಿರುವುದಿಲ್ಲ.

ಇದಕ್ಕಿಂತಲೂ ಗಂಭೀರವಾದ ಅಪಾಯ ಮತ್ತೊಂದಿದೆ. ಕಲಿಕೆಯಲ್ಲಿ ಹಿಂದುಳಿದ ಮಗುವಿಗೆ ಆ ದಿನ ರಜೆ ಹಾಕಲು ಸೂಚಿಸುವುದು. ಯಾರೂ ಹಾಗೆ ಲಿಖಿತವಾಗಿ ಆದೇಶಿಸುವುದಿಲ್ಲ. "ನಾಳೆ ಅವನನ್ನು ಕಳಿಸದಿದ್ದರೂ ನಡೆಯುತ್ತದೆ" ಎಂಬ ಒಂದು ಮಾತು ಸಾಕು. ಎಸ್.ಎಸ್.ಎಲ್.ಸಿ.ಯಲ್ಲಿ ನೂರಕ್ಕೆ ನೂರು ಫಲಿತಾಂಶದ ಫಲಕವನ್ನು ಶಾಲೆಯ ದ್ವಾರದಲ್ಲಿ ತೂಗಹಾಕುವ ಉಮೇದು ನಮ್ಮಲ್ಲಿ ಎಷ್ಟು ಬಲವಾಗಿದೆಯೆಂದು ಎಲ್ಲರಿಗೂ ಗೊತ್ತು. ಆ ಅಭ್ಯಾಸದ ಕೈ ಇಲ್ಲಿಗೂ ಚಾಚದಿರಲೆಂದು ಎಚ್ಚರಿಸುವುದು ನಮ್ಮ ಕರ್ತವ್ಯ. ನಮ್ಮ ಶಾಲೆಗಳನ್ನು ಕಟ್ಟಿದವರು, ಬೇರೆಲ್ಲಿಯೂ ಬಾಗಿಲು ತೆರೆಯದ ಮಕ್ಕಳಿಗಾಗಿ ಅವನ್ನು ಕಟ್ಟಿದೆವೆಂದು ಹೇಳಿಕೊಂಡವರು. ಆ ಮಗುವಿಗೇ ಅಂದು ಬಾಗಿಲು ಮುಚ್ಚಿದರೆ, ಅದಕ್ಕೆ ಏನು ಬಾರದೆಂಬುದು ಯಾವ ವರದಿಯಲ್ಲಿಯೂ ದಾಖಲಾಗುವುದಿಲ್ಲ. ದಾಖಲಾಗದ ಕೊರತೆಗೆ ಸರಕಾರ ಶಿಕ್ಷಕರನ್ನು ಕೊಡುವುದಿಲ್ಲ, ಪುಸ್ತಕ ಕೊಡುವುದಿಲ್ಲ. ಮಗು ಎರಡು ಸಲ ಕಳೆದುಕೊಳ್ಳುತ್ತದೆ.

ಇನ್ನು ಫಲಿತಾಂಶ ಹೇಳುವುದೇನು? 2024ರ ಸಮೀಕ್ಷೆಯ ಗಣಿತದ ಸರಾಸರಿಯನ್ನಷ್ಟೇ ನೋಡೋಣ. ಮೂರನೆಯ ತರಗತಿಯಲ್ಲಿ ಶೇಕಡಾ 60, ಆರನೆಯದರಲ್ಲಿ 46, ಒಂಬತ್ತನೆಯದರಲ್ಲಿ 37. ಮೂರು ವರ್ಷ ಹಿಂದೆ, ಕೊರೋನಾ ಮಾರಿಯ ಬೆನ್ನಿಗೇ ನಡೆದ ಸಮೀಕ್ಷೆಯಲ್ಲಿಯೂ ಇಳಿಜಾರು ಇದೇ ಆಗಿತ್ತು: 500ರ ಮಾನದಲ್ಲಿ ಮೂರನೆಯ ತರಗತಿಗೆ 306, ಐದಕ್ಕೆ 284, ಎಂಟಕ್ಕೆ 255, ಹತ್ತಕ್ಕೆ 220. ಅಳತೆಯ ಕೋಲು ಬೇರೆ, ತರಗತಿಗಳು ಬೇರೆ. ಆದುದರಿಂದ ಈ ಎರಡು ಸಾಲುಗಳನ್ನು ಒಂದಕ್ಕೊಂದು ತಾಳೆ ಹಾಕಬಾರದು. ಆದರೂ ಮೆಟ್ಟಿಲು ಯಾವ ಕಡೆಗೆ ಇಳಿಯುತ್ತಿದೆಯೆಂಬುದು ಸ್ಪಷ್ಟ. ಮೇಲಿನ ತರಗತಿಗೆ ಹೋದಂತೆಲ್ಲ ಮಗು ಪಾಠದಿಂದ ದೂರ ಸರಿಯುತ್ತಿದೆ. ಆರನೆಯ ತರಗತಿಯ ಮಕ್ಕಳಲ್ಲಿ ಹತ್ತರವರೆಗಿನ ಮಗ್ಗಿಯನ್ನು ಬಲ್ಲವರು, ಕೂಡಿಸಿ ಗುಣಿಸಿ ಲೆಕ್ಕಕ್ಕೆ ಬಳಸಬಲ್ಲವರು ಶೇಕಡಾ 53 ಮಾತ್ರ. ಮೂರನೆಯ ತರಗತಿಯಲ್ಲಿ 99ರವರೆಗಿನ ಸಂಖ್ಯೆಗಳನ್ನು ಏರಿಕೆ ಇಳಿಕೆಯ ಕ್ರಮದಲ್ಲಿ ಬರೆಯಬಲ್ಲವರು ಶೇಕಡಾ 55. ಸಂಜೆಯ ಜಪಸರ ಮುಗಿದ ಮೇಲೆ ಮಕ್ಕಳನ್ನು ಸಾಲಾಗಿ ಕೂರಿಸಿ ಮಗ್ಗಿ ಹೇಳಿಸುತ್ತಿದ್ದ ಮನೆಗಳು ಒಂದು ಕಾಲಕ್ಕೆ ನಮ್ಮಲ್ಲಿ ಬೇಕಾದಷ್ಟಿದ್ದವು. ಈಗ ಆ ಕೆಲಸವನ್ನು ಟ್ಯೂಷನ್ನಿಗೆ ಒಪ್ಪಿಸಿದ್ದೇವೆ.

ಒಂಬತ್ತನೆಯ ತರಗತಿಯ ಫಲಿತಾಂಶದ ಬಗ್ಗೆ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರುಗಳಿಗೆ ಒಂದು ನ್ಯಾಯವಾದ ಅಸಮಾಧಾನವಿದೆ. ಈ ಸಮೀಕ್ಷೆ ಒಂಬತ್ತನೆಯ ತರಗತಿಯಲ್ಲಿ ಅಳೆಯುವುದು ಅದಕ್ಕೆ ಹಿಂದಿನ ಹಂತದ ಕಲಿಕೆಯನ್ನು. ನಮ್ಮ ರಾಜ್ಯದಲ್ಲಿ ಏಳರವರೆಗೆ ಹಿರಿಯ ಪ್ರಾಥಮಿಕ, ಎಂಟರಿಂದ ಪ್ರೌಢಶಾಲೆ. ಮಗು ಪ್ರೌಢಶಾಲೆಗೆ ಬಂದು ಒಂದೂವರೆ ವರ್ಷವಾಗುವಷ್ಟರಲ್ಲಿ ಅದರ ಕೊರತೆಗೆಲ್ಲ ಆ ಶಾಲೆಯೇ ಉತ್ತರ ಹೇಳಬೇಕಾದ ಪರಿಸ್ಥಿತಿ. ಹೈಸ್ಕೂಲಿನವರು ಪ್ರೈಮರಿಯವರನ್ನು, ಪ್ರೈಮರಿಯವರು ಮನೆಯವರನ್ನು ದೂರುವುದು ಲಾಗಾಯ್ತಿನಿಂದ ನಡೆದು ಬಂದಿದೆ. ಒಂದೇ ಆವರಣದಲ್ಲಿ, ಒಬ್ಬರೇ ಸಂಚಾಲಕರ ಕೆಳಗೆ ಇರುವ ಎರಡು ಶಾಲೆಗಳ ಗಣಿತದ ಶಿಕ್ಷಕರು ವರ್ಷಕ್ಕೊಮ್ಮೆಯಾದರೂ ಒಟ್ಟಿಗೆ ಕುಳಿತು ಮಾತಾಡುವಂತೆ ಮಾಡಲು ಯಾವ ಸರಕಾರಿ ಸುತ್ತೋಲೆಯೂ ಬೇಕಾಗಿಲ್ಲ. ಸಂಚಾಲಕರಾದ ಗುರುಗಳು ಮನಸ್ಸು ಮಾಡಿದರೆ ಸಾಕು.

ಪ್ರಶ್ನೆಪತ್ರಿಕೆಯಷ್ಟೇ ಮುಖ್ಯವಾದದ್ದು, ಆದರೆ ಯಾರೂ ಗಮನಿಸದಿರುವುದು, ಅದರೊಂದಿಗೆ ಬರುವ ಮೂರು ಪ್ರಶ್ನಾವಳಿಗಳು. ಒಂದು ವಿದ್ಯಾರ್ಥಿಗೆ, ಒಂದು ಶಿಕ್ಷಕರಿಗೆ, ಒಂದು ಶಾಲೆಗೆ. ಮನೆಯಲ್ಲಿ ಯಾವ ಭಾಷೆ ಮಾತಾಡುತ್ತೀರಿ, ಶಾಲೆಗೆ ಹೇಗೆ ಬರುತ್ತೀರಿ ಎಂಬಂಥ ಪ್ರಶ್ನೆಗಳು ಅಲ್ಲಿರುತ್ತವೆ. 2021ರ ವಿದ್ಯಾರ್ಥಿ ಪ್ರಶ್ನಾವಳಿಯಿಂದಲೇ ದೇಶದ ಶೇಕಡಾ 48 ಮಕ್ಕಳು ನಡೆದುಕೊಂಡು ಶಾಲೆಗೆ ಬರುತ್ತಾರೆಂದೂ, ಕೊರೋನಾ ಕಾಲದಲ್ಲಿ ಶೇಕಡಾ 24 ಮಕ್ಕಳ ಮನೆಯಲ್ಲಿ ಆನ್‌ಲೈನ್ ಪಾಠಕ್ಕೆ ಬೇಕಾದ ಯಾವ ಉಪಕರಣವೂ ಇರಲಿಲ್ಲವೆಂದೂ ತಿಳಿದುಬಂದದ್ದು. ಕರಾವಳಿಯ ನಮ್ಮ ಮಕ್ಕಳು ಮನೆಯಲ್ಲಿ ಕೊಂಕಣಿ, ಅಂಗಳದಲ್ಲಿ ತುಳು, ತರಗತಿಯಲ್ಲಿ ಕನ್ನಡ ಅಥವಾ ಇಂಗ್ಲಿಷ್ ಆಡುವವರು. ಆ ವರ್ಷ 22 ಭಾಷೆಗಳಲ್ಲಿ ನಡೆದ ಸಮೀಕ್ಷೆಯ ಪಟ್ಟಿಯಲ್ಲಿ ಕೊಂಕಣಿಯೂ ಇತ್ತು. ಆದರೆ ಮಗು ಪರೀಕ್ಷೆ ಬರೆಯುವುದು ತನ್ನ ಶಾಲೆಯ ಮಾಧ್ಯಮದಲ್ಲಿ. ಹಾಗಿರುವಾಗ ಮನೆಮಾತು ಯಾವುದೆಂಬ ಪ್ರಶ್ನೆಗೆ ಪ್ರತಿಷ್ಠೆಗಾಗಿ 'ಇಂಗ್ಲಿಷ್' ಎಂದು ಗುರುತು ಹಾಕಿಸಿದರೆ, ಎರಡು ಭಾಷೆಗಳ ಹೊಳೆ ದಾಟಿ ಬರುವ ಮಗುವಿನ ಶ್ರಮ ಲೆಕ್ಕದಿಂದಲೇ ಬಿಟ್ಟುಹೋಗುತ್ತದೆ.

ಶಾಲೆಯ ಪ್ರಶ್ನಾವಳಿಯ ವಿಷಯದಲ್ಲಿ ಆಡಳಿತ ಮಂಡಳಿಗಳಿಗೆ ನಾವು ಒಂದು ಮಾತು ಹೇಳಬಯಸುತ್ತೇವೆ. ಅನುದಾನಿತ ಶಾಲೆಗಳಲ್ಲಿ ನಿವೃತ್ತಿಯಿಂದ ತೆರವಾದ ಹುದ್ದೆಗಳು ವರ್ಷಗಟ್ಟಲೆ ಭರ್ತಿಯಾಗದೆ, ಧರ್ಮಕೇಂದ್ರದ ದೇಣಿಗೆಯಿಂದ ಅಲ್ಪ ಗೌರವಧನ ಕೊಟ್ಟು ಶಿಕ್ಷಕಿಯರನ್ನು ಇಟ್ಟುಕೊಂಡು ನಡೆಸುತ್ತಿರುವುದು ಸರ್ವವಿದಿತ. ಶಾಲೆಯ ಮರ್ಯಾದೆ ಹೋದೀತೆಂದು ಇಂಥ ಕೊರತೆಗಳನ್ನು ಮುಚ್ಚಿಡುವ ಪ್ರವೃತ್ತಿ ನಮ್ಮಲ್ಲಿದೆ. ಒಂದು ಕಡೆ ಶಿಕ್ಷಕರಿಲ್ಲವೆಂದು ಇಲಾಖೆಗೆ ಮನವಿ ಸಲ್ಲಿಸುತ್ತ, ಇನ್ನೊಂದು ಕಡೆ ಸಮೀಕ್ಷೆಯ ಹಾಳೆಯಲ್ಲಿ ಎಲ್ಲವೂ ಸಾಂಗವಾಗಿದೆಯೆಂದು ಬರೆದರೆ ಯಾವುದನ್ನು ನಂಬಬೇಕು? ಇಲ್ಲದಿರುವುದನ್ನು ಇಲ್ಲವೆಂದೇ ಬರೆಯತಕ್ಕದ್ದು.

ಜಿಲ್ಲಾ ವರದಿ ಪ್ರಕಟವಾದ ಮೇಲೆ ಅದು ಹೋಗುವ ದಾರಿಯೂ ಚಿಂತೆಗೆ ಕಾರಣ. ಪತ್ರಿಕೆಗಳಲ್ಲಿ ಯಾವ ರಾಜ್ಯ ಮೊದಲು, ಯಾವುದು ಕೊನೆ ಎಂದು ಎರಡು ದಿನ ಚರ್ಚೆಯಾಗಿ ಮೂರನೆಯ ದಿನ ಮರೆತುಹೋಗುತ್ತದೆ. 2009ರ ಸುತ್ತಿನ 'ಪೀಸಾ' ಎಂಬ ಅಂತಾರಾಷ್ಟ್ರೀಯ ಪರೀಕ್ಷೆಯಲ್ಲಿ ತಮಿಳುನಾಡು ಮತ್ತು ಹಿಮಾಚಲ ಪ್ರದೇಶದ ಮಕ್ಕಳು ಪಾಲ್ಗೊಂಡು ಪಟ್ಟಿಯ ಕೆಳತುದಿಯಲ್ಲಿ ನಿಂತಾಗ, ಪ್ರಶ್ನೆಗಳು ನಮ್ಮ ಪರಿಸರಕ್ಕೆ ಹೊಂದುವುದಿಲ್ಲವೆಂದು ಹೇಳಿ ದೇಶವೇ ಅದರಿಂದ ಹಿಂದೆ ಸರಿಯಿತು. ಆ ವಾದದಲ್ಲಿ ಹುರುಳಿಲ್ಲವೆಂದಲ್ಲ. ಆದರೆ ನಮ್ಮದೇ ಪರಿಸರಕ್ಕೆ, ನಮ್ಮದೇ ಭಾಷೆಗಳಲ್ಲಿ ರಚಿಸಿದ ಪ್ರಶ್ನೆಗಳಿಗೂ ಆರನೆಯ ತರಗತಿಯ ಅರ್ಧದಷ್ಟು ಮಕ್ಕಳು ತಡವರಿಸುತ್ತಿರುವಾಗ ಹಿಂದೆ ಸರಿಯಲು ಜಾಗ ಉಳಿದಿಲ್ಲ.

ಸಮೀಕ್ಷೆಗೆ ಆಯ್ಕೆಯಾಗದ ಶಾಲೆಗಳೂ ಕೈಕಟ್ಟಿ ಕೂರಬೇಕಾಗಿಲ್ಲ. ಜಿಲ್ಲೆಯ ಮಕ್ಕಳು ಯಾವ ಸಾಮರ್ಥ್ಯದಲ್ಲಿ ಸೋತಿದ್ದಾರೆಂಬ ವಿವರ ಜಿಲ್ಲಾ ವರದಿಯಲ್ಲಿ ವಿಷಯವಾರು ದೊರೆಯುತ್ತದೆ. ಶಿಕ್ಷಕ ರಕ್ಷಕ ಸಂಘದ ಸಭೆಯಲ್ಲಿ ವಾರ್ಷಿಕೋತ್ಸವದ ಖರ್ಚಿನ ಚರ್ಚೆಗೆ ಮೀಸಲಾದ ಸಮಯದಲ್ಲಿ ಅರ್ಧ ಗಂಟೆಯನ್ನು ಆ ವರದಿಗೆ ಕೊಟ್ಟು, ನಮ್ಮ ಶಾಲೆಯ ಆರನೆಯ ತರಗತಿಯಲ್ಲಿ ಮಗ್ಗಿ ಬಾರದವರು ಎಷ್ಟು ಮಂದಿ ಎಂದು ತಂದೆತಾಯಿಗಳು ಕೇಳಬಹುದು. ಶಿಕ್ಷಕರು ಸಂಖ್ಯೆಯನ್ನು ಮುಚ್ಚುಮರೆಯಿಲ್ಲದೆ ಹೇಳಬಹುದು. ಧರ್ಮೋಪದೇಶದ ತರಗತಿಗೆ ಭಾನುವಾರ ಬರುವ ಕಾಲೇಜು ಯುವಕ ಯುವತಿಯರಲ್ಲಿ ನಾಲ್ವರು ಇನ್ನೊಂದು ಗಂಟೆ ಉಳಿದು ಆ ಮಕ್ಕಳಿಗೆ ಲೆಕ್ಕ ಹೇಳಿಕೊಡಲು ಮುಂದೆ ಬಂದರೆ, ಕೊಠಡಿಯ ಬೀಗದ ಕೈ ಹೇಗೂ ಗುರುಗಳ ಬಳಿಯೇ ಇದೆ.